ಗಾಬರಿಯಿಲ್ಲದ ದನಿ

ಜನವರಿ 9

ಅಕ್ಕಾ,

ಮೂರು ಭಾನುವಾರದಿಂದ ಫೋನ್ ಎತ್ತುತ್ತಿಲ್ಲವೆಂದು ನೀನು ಅಲ್ಲಿ ಕೆಂಡ ಕಾರುತ್ತಿರುತ್ತೀಯ. ನಿನ್ನ ಹದಿನೇಳು ಮಿಸ್ಡ್ ಕಾಲ್‌ಗಳನ್ನು ನೋಡಿದ್ದೇನೆ. ಭಾವನ ಫೋನಿನಿಂದ ಮಾಡಿದರೆ ಎತ್ತುತ್ತಾಳೇನೋ ಎಂದು ಅದನ್ನೂ ಮಾಡಿ ನೋಡಿದೆಯಲ್ಲ, ಆ ಜಾಣತನವೂ ತಿಳಿಯಿತು. ಹನ್ನೊಂದು ವರ್ಷ ತುರ್ತು ಕರೆ ಕೇಂದ್ರದಲ್ಲಿ ಕೂತು ಕಂಡವರ ಫೋನೆಲ್ಲ ಎತ್ತಿ ಆಂಬ್ಯುಲೆನ್ಸ್ ಕಳಿಸಿದವಳಿಗೆ ಈಗ ರಿಂಗ್ ಕೇಳಿದರೆ ಕೈ ಮುಂದೆ ಹೋಗುವುದಿಲ್ಲ. ಕಿವಿಗೆ ಸುಸ್ತಾಗಿದೆ ಅಂದುಕೋ. ಅದಕ್ಕೇ ಈ ಕಾಗದ. ನೀನೂ ಕಾಗದವನ್ನೇ ಬರೆ. ನಿನ್ನ ಕಾಗೆ ಕಾಲು ಗುಬ್ಬಿ ಕಾಲು ಓದುವ ಅಭ್ಯಾಸ ನನಗೆ ಇನ್ನೂ ತಪ್ಪಿಲ್ಲ.

ಡಿಸೆಂಬರ್ ಕೊನೆಯಿಂದ ನನ್ನನ್ನು ಕರೆಯ ಸೀಟಿನಿಂದ ಎಬ್ಬಿಸಿ ದಾಖಲೆ ಕೋಣೆಗೆ ಹಾಕಿದ್ದಾರೆ. ಶಿಕ್ಷೆಯಲ್ಲ, ಆದೇಶದಲ್ಲಿ 'ವಿಶ್ರಾಂತಿ' ಎಂದು ಬರೆದಿದೆ. ಹಳೆಯ ಕರೆಗಳ ವಿವರಕ್ಕೆ ನಂಬರ್ ಹಾಕಿ ಹಸಿರು ಫೈಲಿಗೆ ಸೇರಿಸುವುದು ಕೆಲಸ. ಕಿಟಕಿಯಿಲ್ಲ, ಫೋನೂ ಇಲ್ಲ. ಮಾರ್ಚ್ ಹದಿನೈದರೊಳಗೆ ನಾನು ಒಂದು ಮಾತು ಹೇಳಬೇಕು. ಸೀಟಿಗೆ ವಾಪಸ್ ಬರುತ್ತೇನೋ, ಇಲ್ಲೇ ಕಾಯಂ ಆಗುತ್ತೇನೋ ಅಂತ. ಇಲ್ಲಿ ಕಾಯಂ ಆದರೆ ಆ ಸೀಟು ಮತ್ತೆ ಸಿಗುವುದಿಲ್ಲ. ನನಗೆ ಬರುವುದು ಅದೊಂದೇ ಕೆಲಸ, ಅದು ನಿನಗೂ ಗೊತ್ತು.

ಕಾರಣ ಅಂಥ ದೊಡ್ಡದೇನಲ್ಲ. ಕೆಲಸ ಜಾಸ್ತಿಯಾಗಿತ್ತು, ಅಷ್ಟೆ. ಊಟ ನಿದ್ದೆ ಎರಡೂ ಸರಿಯಾಗಿದೆ.

ನಿನ್ನ ತಂಗಿ

ಜನವರಿ 16

ಪುಟ್ಟೀ,

ಹದಿನೇಳಲ್ಲ, ಹತ್ತೊಂಬತ್ತು. ಎಣಿಸುವುದರಲ್ಲೂ ಜುಗ್ಗತನವೇ?

ಕೆಲಸ ಜಾಸ್ತಿಯಾಗಿತ್ತಂತೆ. ನಿನ್ನನ್ನು ಎತ್ತಿ ಆಡಿಸಿದವಳು ನಾನು, ನನಗೇ ಕಿವಿಯ ಮೇಲೆ ಹೂವು ಇಡಲು ಬರಬೇಡ. ಆ ಸೂಪರ್‌ವೈಸರ್ ಜೊತೆ ಜಗಳ ಮಾಡಿಕೊಂಡಿದ್ದೀಯ ತಾನೇ? ನಿನಗೆ ಮೊದಲಿನಿಂದಲೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹೋಗಿ "ತಪ್ಪಾಯ್ತು ಸಾರ್" ಅಂದುಬಿಡು. ಅನ್ನುವುದಕ್ಕೇನೂ ಖರ್ಚಿಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ ಫೈಲಿನ ಧೂಳು ಕುಡಿದುಕೊಂಡು ಕೂರುವ ವಯಸ್ಸೇ ನಿನ್ನದು?

ಇಲ್ಲಿ ಎಲ್ಲ ಮಾಮೂಲು. ಡ್ರೈವಿಂಗ್ ಶಾಲೆಗೆ ಈ ವರ್ಷ ಜನ ಹೆಚ್ಚು. ನಾನೀಗ ತರಗತಿ ಪಾಠ ನೋಡಿಕೊಳ್ಳುತ್ತಿದ್ದೇನೆ. ಮೂವತ್ತು ಜನರನ್ನು ಬೆಂಚಿನ ಮೇಲೆ ಕೂರಿಸಿ ರಸ್ತೆ ಚಿಹ್ನೆಗಳನ್ನು ಬಾಯಿಪಾಠ ಮಾಡಿಸುತ್ತೇನೆ. ಮನೆಯಿಂದ ಶಾಲೆಗೆ ನಲವತ್ತು ನಿಮಿಷ ನಡೆದೇ ಹೋಗುತ್ತೇನೆ, ನಡೆದೇ ಬರುತ್ತೇನೆ. ಆರೋಗ್ಯಕ್ಕೆ ಒಳ್ಳೆಯದು. ಚಪ್ಪಲಿ ಸವೆದು ಎರಡನೇ ಜೊತೆ ತಂದಾಯಿತು. ಭಾವನಿಗೆ ನನ್ನ ನಡಿಗೆಯಿಂದ ಎಷ್ಟು ಖುಷಿಯೆಂದರೆ ಹೆಜ್ಜೆ ಎಣಿಸುವ ಯಂತ್ರ ತಂದು ಕೈಗೆ ಕಟ್ಟಿದ್ದಾರೆ. ಸಂಜೆ ಅದನ್ನು ನೋಡಿ ಪಕ್ಕದ ಮನೆಯವರಿಗೆ ವರದಿ ಒಪ್ಪಿಸುತ್ತಾರೆ.

ಬೆನ್ನು ನೆಟ್ಟಗೆ ಇಟ್ಟುಕೋ. ಅಮ್ಮ ನಮ್ಮನ್ನು ಅಳುಬುರುಕರಾಗಿ ಬೆಳೆಸಿಲ್ಲ.

ಅಕ್ಕ

ಫೆಬ್ರವರಿ 2

ಅಕ್ಕಾ,

ಜಗಳವಾಗಿಲ್ಲ. ಸೂಪರ್‌ವೈಸರ್ ಒಳ್ಳೆಯ ಮನುಷ್ಯ. ದಾಖಲೆ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂದು ಯೋಚಿಸಿ, ಕೆಮ್ಮಿ, ಹೋಗಿಬಿಡುತ್ತಾರೆ. ನಿನಗೆ ಸುಳ್ಳು ಬರೆದೆ ಎಂದು ಮೂರು ವಾರದಿಂದ ಮನಸ್ಸು ಕೊರೆಯುತ್ತಿತ್ತು. ಇವತ್ತು ಬರೆದುಬಿಡುತ್ತೇನೆ.

ಡಿಸೆಂಬರ್ ಹತ್ತೊಂಬತ್ತು, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಒಬ್ಬ ಹೆಂಗಸು ಕರೆ ಮಾಡಿದಳು. "ಮೇಡಂ, ನಿಮಗೆ ತೊಂದರೆ ಕೊಡ್ತಿದೀನಿ, ಬೇಜಾರು ಮಾಡ್ಕೋಬೇಡಿ. ನಮ್ಮೆಜಮಾನ್ರಿಗೆ ಬೆಳಿಗ್ಗೆಯಿಂದ ಒಂಥರಾ ಸುಸ್ತು. ತೋಳು ಜೋಮು ಹಿಡಿದಿದೆ ಅಂತಾರೆ. ಅವಸರ ಏನೂ ಇಲ್ಲ, ಬೇರೆಯವರಿಗೆಲ್ಲ ಕಳಿಸಿ ಆಮೇಲೆ ಕಳಿಸಿದ್ರೂ ನಡೆಯುತ್ತೆ" ಅಂದಳು. ನಮ್ಮ ಮುಂದೆ ಪ್ರಶ್ನೆಗಳ ಕಾರ್ಡು ಇರುತ್ತದೆ. ಅದರಂತೆ ಕೇಳಿದೆ. ಎದೆ ನೋವಿದೆಯಾ? "ನೋವು ಅಂತ ಇಲ್ಲ." ಉಸಿರು? "ಆರಾಮಾಗಿ ಕೂತಿದಾರೆ." ಕಾರ್ಡಿನ ಲೆಕ್ಕದಲ್ಲಿ ಅದು ಹಳದಿ. ಅಂದರೆ ಕಾಯಬಹುದು. ಆ ಬಡಾವಣೆಯ ಹತ್ತಿರ ಇದ್ದದ್ದು ಒಂದೇ ಗಾಡಿ. ಮುಂದಿನ ಕರೆಯಲ್ಲಿ ಒಬ್ಬ ಅಪ್ಪ ಆಕಾಶ ಭೂಮಿ ಒಂದು ಮಾಡಿ ಕಿರುಚುತ್ತಿದ್ದ. ಮಗಳ ಕಾಲಿಗೆ ಗಾಜು ಹೊಕ್ಕಿತ್ತು, ಮನೆಯೆಲ್ಲ ರಕ್ತವಂತೆ. ಅದನ್ನು ಕೆಂಪು ಮಾಡಿ ಗಾಡಿ ಅಲ್ಲಿಗೆ ಕಳಿಸಿದೆ. ಅವಳಿಗೆ ನಾಲ್ಕು ಹೊಲಿಗೆ ಬಿದ್ದವು. ಹಳದಿಯ ಮನೆಗೆ ಗಾಡಿ ಮುಟ್ಟಿದಾಗ ಮೂವತ್ತನಾಲ್ಕು ನಿಮಿಷವಾಗಿತ್ತು. ಆ ಹೆಂಗಸಿನ ಗಂಡ ಕುರ್ಚಿಯಲ್ಲಿ ಕೂತಂತೆಯೇ ಹೋಗಿಬಿಟ್ಟಿದ್ದ.

ವಿಚಾರಣೆ ನಡೆಯಿತು. ಮೂರು ಜನ ಆ ಕರೆಯನ್ನು ಆರು ಸಲ ಕೇಳಿದರು. 'ಕಾರ್ಡಿನ ಪ್ರಕಾರ ನಡೆದಿದೆ, ಲೋಪವಿಲ್ಲ' ಎಂದು ಬರೆದು ಸಹಿ ಹಾಕಿದರು. ಆದರೆ ಕಾರ್ಡಿನ ಕೊನೆಯಲ್ಲಿ ಒಂದು ಖಾಲಿ ಚೌಕವಿದೆ. ಪ್ರಶ್ನೆಗಳ ಉತ್ತರ ಏನೇ ಇರಲಿ, ನಮ್ಮ ಮನಸ್ಸಿಗೆ ಏನೋ ಸರಿಯಿಲ್ಲ ಅನ್ನಿಸಿದರೆ ಅಲ್ಲಿ ಗುರುತು ಹಾಕಿ ಬಣ್ಣ ಏರಿಸಬಹುದು. ಕಿರುಚಿದವರಿಗಾಗಿ ನಾನು ಅದನ್ನು ನೂರಾರು ಸಲ ಬಳಸಿದ್ದೇನೆ. ಅವಳಿಗೆ ಬಳಸಲಿಲ್ಲ. ಯಾಕೆ ಗೊತ್ತೇ? ಅವಳು ನಮ್ಮ ಹಾಗೆ ಮಾತಾಡಿದಳು, ಅಕ್ಕಾ. ಅಮ್ಮನ ಹಾಗೆ, ನಿನ್ನ ಹಾಗೆ. ಜ್ವರ ನೂರಾಮೂರಕ್ಕೆ ಏರಿದರೂ "ಏನಿಲ್ಲ, ಸ್ವಲ್ಪ ಮೈ ಬೆಚ್ಚಗಿದೆ" ಅನ್ನುವ ಮನೆ ನಮ್ಮದು. ಸಮಾಧಾನದ ದನಿ ಕೇಳಿ ನಾನೂ ಸಮಾಧಾನಪಟ್ಟುಕೊಂಡೆ. ಅಂಥ ದನಿಯನ್ನು ಅರ್ಥ ಮಾಡಿಕೊಳ್ಳಬೇಕಾದವಳು ಆ ಹಾಲ್‌ನಲ್ಲಿ ಯಾರಾದರೂ ಇದ್ದಿದ್ದರೆ ಅದು ನಾನೇ ಆಗಿದ್ದೆ.

ಊಟ ನಿದ್ದೆ ಸರಿಯಾಗಿದೆ ಅಂದದ್ದು ಸುಳ್ಳು. ಇದನ್ನು ಇಲ್ಲಿ ಯಾರ ಹತ್ತಿರವೂ ಆಡಿಲ್ಲ. ಕರೆಯ ಹಾಲ್‌ನಲ್ಲಿ ನನ್ನ ಪಕ್ಕದ ಸೀಟಿನವಳು ದಿನಾ ಮಧ್ಯಾಹ್ನ ಎರಡು ಲೋಟ ಟೀ ಹಿಡಿದುಕೊಂಡು ಕೆಳಗಿಳಿದು ಬರುತ್ತಾಳೆ. "ಬೆನ್ನು ನೋವು ಕಣೇ, ಅದಕ್ಕೇ ಇಲ್ಲಿಗೆ ಹಾಕಿದಾರೆ" ಎಂದು ಹೇಳಿ, ಕೆಲಸವಿರುವ ಹಾಗೆ ಫೈಲ್ ತೆರೆಯುತ್ತೇನೆ. ಅವಳು ಒಂದು ಲೋಟ ಇಟ್ಟು ಹೋಗುತ್ತಾಳೆ.

ಅಂದಹಾಗೆ, ರಸ್ತೆ ಬಿಟ್ಟು ಪಾಠದ ಕೋಣೆಗೆ ಹೋಗಿದ್ದೀಯ ಅಂದರೆ ಬಡ್ತಿ ಸಿಕ್ಕಿದೆ. ಅದನ್ನೂ ಬಾಯಿಬಿಟ್ಟು ಹೇಳಲು ಬರುವುದಿಲ್ಲ ನಿನಗೆ. ಶಭಾಷ್.

ತಂಗಿ

ಫೆಬ್ರವರಿ 9

ಪುಟ್ಟೀ,

ನಿನ್ನ ಕಾಗದ ಎರಡು ಸಲ ಓದಿದೆ. ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಯಿತು.

ನೋಡು, ನಿನ್ನ ತಪ್ಪಿಲ್ಲ ಎಂದು ಮೂರು ಜನ ಬರೆದುಕೊಟ್ಟಿದ್ದಾರೆ. ನಾಲ್ಕನೆಯವಳು ನಾನು ಹೇಳುತ್ತಿದ್ದೇನೆ. ಇನ್ನು ಅದನ್ನು ಮನಸ್ಸಿನಲ್ಲಿ ಮಗುಚಿ ಹಾಕುತ್ತಾ ಕೂತರೆ ಯಾರಿಗೇನು ಲಾಭ? ಅಕ್ಟೋಬರಿನಲ್ಲಿ ನನಗೂ ಒಂದು ಆಯಿತು, ನಿನಗೆ ಹೇಳಿರಲಿಲ್ಲ. ಕಾರು ಕಲಿಯಲು ಬರುತ್ತಿದ್ದ ಒಬ್ಬ ಗ್ರಂಥಪಾಲಕಿ ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿ, ನಿಂತಿದ್ದ ಲಾರಿಗೆ ಗುದ್ದಿದಳು. ಅವಳ ಮಣಿಕಟ್ಟು ಮುರಿಯಿತು. ನನಗೆ ಹಣೆಯ ಮೇಲೆ ಒಂದು ಬುಗುಟು, ಅಷ್ಟೆ. ಮರುದಿನ ಬೆಳಿಗ್ಗೆ ಎಂಟಕ್ಕೆ ಅದೇ ರಸ್ತೆಯಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು ಹೊರಟೆ. ಅದೊಂದೇ ಮದ್ದು. ಬಿದ್ದ ಜಾಗದಲ್ಲೇ ಏಳಬೇಕು, ಯೋಚಿಸಲು ಟೈಮ್ ಕೊಡಬಾರದು.

ನೀನೂ ನಾಳೆಯೇ ಹೋಗಿ ಆ ಸೀಟಿನಲ್ಲಿ ಕೂರು. ಆ ಟೀ ತರುವವಳಿಗೆ ಏನೂ ಹೇಳದೆ ಇದ್ದದ್ದು ಒಳ್ಳೆಯದಾಯಿತು. ಆಫೀಸಿನ ಬಾಯಿಗೆ ಬಿದ್ದರೆ ಮುಗಿಯಿತು.

ಅಕ್ಕ

ಮಾರ್ಚ್ 3

ಅಕ್ಕಾ,

ಮೂರು ವಾರ ಬರೆಯಲಿಲ್ಲ. ಬರೆಯುವ ಮುಖವಿರಲಿಲ್ಲ.

ನೀನು ಹೇಳಿದ್ದನ್ನು ಮಾಡಿ ನೋಡಿದೆ. ಒಂದು ಮಂಗಳವಾರ, ಬೆಳಗಿನ ಪಾಳಿಯವರು ಬರುವ ಮೊದಲೇ ಹಾಲ್‌ಗೆ ಹೋಗಿ ನನ್ನ ಸೀಟಿನಲ್ಲಿ ಕೂತೆ. ಹೆಡ್‌ಫೋನ್ ಹಾಕಿಕೊಂಡೆ. ನನ್ನ ಪೆನ್ನು ಇನ್ನೂ ಅದೇ ಡ್ರಾಯರಿನಲ್ಲಿತ್ತು. ಒಂದು ದೀಪ ಮಿನುಗಿತು. ಹನ್ನೊಂದು ವರ್ಷ ನೋಡಿದ ದೀಪ. ಬಟನ್ ಮೇಲೆ ಬೆರಳಿಟ್ಟೆ, ಒತ್ತಲು ಆಗಲಿಲ್ಲ. ಮೂರು ಸಲ ಮಿನುಗಿದ ಮೇಲೆ ಬೇರೆ ಸಾಲಿನವರು ಯಾರೋ ಅದನ್ನು ತೆಗೆದುಕೊಂಡರು. ಮೆಟ್ಟಿಲಿಳಿದು ಬಸ್ ಸ್ಟಾಪಿಗೆ ಬಂದ ಮೇಲೆ ನೋಡುತ್ತೇನೆ, ಬ್ಯಾಗು ಮೇಲೆಯೇ ಬಿಟ್ಟು ಬಂದಿದ್ದೇನೆ. ಪಕ್ಕದ ಸೀಟಿನವಳು ಸಂಜೆ ಅದನ್ನು ಮನೆಗೆ ತಂದುಕೊಟ್ಟಳು.

ನೀನು ಮರುದಿನವೇ ಕೂತೆ. ನನಗೆ ಎರಡೂವರೆ ತಿಂಗಳಾದರೂ ಆಗುತ್ತಿಲ್ಲ ಅಂದರೆ ನಾನು ಆ ಕೆಲಸಕ್ಕೆ ಲಾಯಕ್ಕಲ್ಲ ಎಂದೇ ಅರ್ಥ. ಒಂದೇ ತಾಯಿಯ ಮಕ್ಕಳು, ನೀನು ಗಟ್ಟಿಗಿತ್ತಿ, ನಾನಲ್ಲ. ಅದನ್ನು ಒಪ್ಪಿಕೊಂಡರೆ ಮನಸ್ಸಿಗೆ ಒಂಥರಾ ಹಗುರವೂ ಆಗುತ್ತದೆ. ದಾಖಲೆ ಕೋಣೆಗೆ ಕಾಯಂ ಆಗುವ ಅರ್ಜಿ ತುಂಬಿಸಿಟ್ಟಿದ್ದೇನೆ. ಹದಿನಾಲ್ಕಕ್ಕೆ ಸಹಿ ಹಾಕಿ ಕೊಡುತ್ತೇನೆ. ಬೈಯಬೇಡ.

ತಂಗಿ

ಮಾರ್ಚ್ 6

ಪುಟ್ಟೀ,

ಸಹಿ ಹಾಕಬೇಡ. ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ. ಓದುವವರೆಗಾದರೂ ಹಾಕಬೇಡ.

ಮರುದಿನ ನಾನು ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ನಾನು ಒಂದು ಕಾರಿನಲ್ಲೂ ಕೂತಿಲ್ಲ. ಬಡ್ತಿಯೂ ಇಲ್ಲ ಮಣ್ಣೂ ಇಲ್ಲ. ರಸ್ತೆಗೆ ಇಳಿಯಲಾಗದೆ, ತರಗತಿ ಪಾಠ ಯಾರಿಗೂ ಬೇಡವಾಗಿತ್ತಲ್ಲ, ಅದನ್ನು ಕೇಳಿ ಹಾಕಿಸಿಕೊಂಡೆ. ನಲವತ್ತು ನಿಮಿಷ ನಡೆಯುವುದು ಆರೋಗ್ಯಕ್ಕಲ್ಲ. ಬಸ್ಸಿನಲ್ಲಿ ಕೂತರೂ ಕಾಲು ತಾನಾಗಿ ಬ್ರೇಕ್ ಹುಡುಕುತ್ತದೆ. ಎದುರಿನ ಸೀಟಿನ ಹೆಂಗಸಿಗೆ ಒಮ್ಮೆ ಒದ್ದೇಬಿಟ್ಟೆ.

ನಿನಗೆ ಗೊತ್ತಿರಲಿ, ನಮ್ಮ ಕಾರುಗಳಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಹದಿನಾರು ವರ್ಷ ನನ್ನ ಪಾದ ಅದರ ಮೇಲಿಂದ ಕದಲಿರಲಿಲ್ಲ. ಅವತ್ತು ಕದಲಿತ್ತು. ಗ್ರಂಥಪಾಲಕಿಗೆ ಒಂದು ಜೋಕ್ ಹೇಳುತ್ತಿದ್ದೆ, ಕಾಲ ಮೇಲೆ ಕಾಲು ಹಾಕಿಕೊಂಡಿದ್ದೆ. ಅವಳು ನಗುತ್ತಾ ನಗುತ್ತಾ ಗುದ್ದಿದಳು. ಅವಳು ತಪ್ಪೆಲ್ಲ ತನ್ನದೇ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ನಾನು ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆ.

ನಿನಗೆ ಆ ಸುಳ್ಳು ಬರೆದು ಡಬ್ಬಿಗೆ ಹಾಕಿದೆನಲ್ಲ, ಅವತ್ತೇ ನಾಚಿಕೆಯಾಯಿತು. ನೀನು ನಿಜ ಬರೆದಿದ್ದೆ, ನಾನು ಅದರ ಮೇಲೆ ಕೂತು ಜಂಬ ಕೊಚ್ಚಿದ್ದೆ. ಶಾಲೆಯಲ್ಲಿ ನನ್ನ ಜೊತೆ ಕಲಿಸುವವರೊಬ್ಬರಿದ್ದಾರೆ, ಎಲ್ಲರೂ ಮೀಸೆ ಮಾಸ್ತರ್ ಅನ್ನುತ್ತಾರೆ. ನೇರ ಅವರ ಹತ್ತಿರ ಹೋಗಿ, "ಮಾಸ್ತರೇ, ನನಗೆ ಕಾರು ಅಂದ್ರೆ ಭಯ ಆಗಿದೆ" ಅಂದೆ. ಬಾಯಿಂದ ಆ ಮಾತು ಬಂದದ್ದೇ ಅಳುವೂ ಬಂತು. ಅವರು ಮೀಸೆ ತಿರುವಿ ಹೇಳಿದರು: "ಗೊತ್ತು ಮೇಡಂ. ನಾಲ್ಕು ತಿಂಗಳಿಂದ ನಿಮ್ಮ ಸ್ಟೂಡೆಂಟ್ಸ್ ಎಲ್ಲ ನನ್ನ ತಲೆ ಮೇಲೇ ಬಿದ್ದಿದಾರೆ, ಗೊತ್ತಾಗದೆ ಇರುತ್ತಾ? ನಾಳೆ ಆರೂವರೆಗೆ ಹಳೇ ಮಾರುಕಟ್ಟೆ ಮೈದಾನಕ್ಕೆ ಬನ್ನಿ. ನೀವು ಸ್ಟೂಡೆಂಟು, ನಾನು ಮಾಸ್ತರು. ಬೈಗುಳ ಮಾತ್ರ ಎಲ್ಲರಿಗೂ ಒಂದೇ."

ಇವತ್ತಿಗೆ ಇಪ್ಪತ್ತೊಂದು ದಿನ. ಮೊದಲ ವಾರ ಎಂಜಿನ್ ಆಫ್ ಮಾಡಿಯೇ ಕೂತಿದ್ದೆವು, ಅವರು ಪೇಪರ್ ಓದುತ್ತಿದ್ದರು. ಕಳೆದ ಗುರುವಾರ ಮೂರನೇ ಗೇರಿಗೆ ಬಂದಿದ್ದೇನೆ. "ಇಪ್ಪತ್ತು ಕಿಲೋಮೀಟರ್ ಸ್ಪೀಡಿಗೆ ಇಷ್ಟು ಬೆವರೋರನ್ನ ನಾನು ನೋಡೇ ಇಲ್ಲ" ಅನ್ನುತ್ತಾರೆ. ಅವರ ಕಾಲು ಅಲ್ಲಿದೆ ಎಂದು ಗೊತ್ತಿರುವುದರಿಂದ ನನ್ನ ಕಾಲು ನಡುಗುವುದು ಕಡಿಮೆಯಾಗಿದೆ.

ನಿನ್ನ ಕೆಲಸ ನನಗೆ ಗೊತ್ತಿಲ್ಲ, ಇನ್ನು ಉಪದೇಶ ಮಾಡುವುದಿಲ್ಲ. ಸೀಟು ಬೇಡವೆಂದು ನಿನಗೇ ಅನ್ನಿಸಿದರೆ ಸಹಿ ಹಾಕು, ನಾನು ತಕರಾರು ಎತ್ತುವುದಿಲ್ಲ. ಆದರೆ ನನ್ನನ್ನು ನೋಡಿ ಹಾಕಬೇಡ. ನೀನು ಯಾರಿಗೆ ಹೋಲಿಸಿಕೊಂಡು ಸೋತೆಯೋ ಆ ಅಕ್ಕ ಇಲ್ಲವೇ ಇಲ್ಲ. ಟೀ ತರುವವಳ ವಿಷಯದಲ್ಲಿ ನಾನು ಹೇಳಿದ್ದನ್ನೂ ಮರೆತುಬಿಡು.

ಅಕ್ಕ

ಮಾರ್ಚ್ 12

ಅಕ್ಕಾ,

ಮೊದಲ ಸಲ ಓದಿದಾಗ ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಕಾಗದವನ್ನು ಮುದುರಿ ಎಸೆದೆ. ಮೂರು ವಾರ ನನ್ನನ್ನು ನಾನೇ ಹಳಿದುಕೊಂಡಿದ್ದು ನಿನ್ನ ಒಂದು ಜಂಬದ ಸಾಲಿನಿಂದ. ಆಮೇಲೆ ಎತ್ತಿಕೊಂಡು, ಇಸ್ತ್ರಿ ಮಾಡಿದ ಹಾಗೆ ಕೈಯಿಂದ ಸವರಿ, ಮತ್ತೆ ಓದಿದೆ. ಬಸ್ಸಿನಲ್ಲಿ ಒದ್ದ ಜಾಗಕ್ಕೆ ಬಂದಾಗ ನಗು ತಡೆಯಲಾಗಲಿಲ್ಲ. ಡಿಸೆಂಬರ್ ಹತ್ತೊಂಬತ್ತರಿಂದ ನಾನು ನಕ್ಕಿರಲಿಲ್ಲ.

ಸಹಿ ಹಾಕಿಲ್ಲ. ನಾಳೆ ಆಫೀಸಿನಲ್ಲಿ ಒಂದು ಕೇಳಬೇಕೆಂದಿದ್ದೇನೆ. ನಿಯಮದಲ್ಲಿಲ್ಲ. ಕೊಡುತ್ತಾರೋ, ನಗುತ್ತಾರೋ.

ತಂಗಿ

ಮಾರ್ಚ್ 26

ಪುಟ್ಟೀ,

ಹದಿನಾಲ್ಕು ದಿನವಾಯಿತು. ಏನು ಕೇಳಿದೆ? ಏನು ಕೊಟ್ಟರು? ಪೋಸ್ಟಿನವನು ನನ್ನನ್ನು ಗೇಟಿನಲ್ಲಿ ನೋಡಿ ದೂರದಿಂದಲೇ ಕೈ ಅಲ್ಲಾಡಿಸಿ ಇಲ್ಲ ಅನ್ನುತ್ತಾನೆ.

ಭಾವನಿಗೆ ಹೇಳಿದೆ. ಅವರಿಗೆ ಅಕ್ಟೋಬರಿನಲ್ಲೇ ಅನುಮಾನವಿತ್ತಂತೆ. "ಹಾಗಾದ್ರೆ ಈ ಹೆಜ್ಜೆ ಎಣಿಸೋ ನಾಟಕ ಯಾಕ್ರೀ?" ಎಂದು ರೇಗಿದೆ. "ನೀನು ಹೇಳೋವರೆಗೆ ನನಗೂ ಏನಾದ್ರೂ ಮಾಡ್ಬೇಕಲ್ವೇನೇ" ಅಂದರು.

ಗ್ರಂಥಪಾಲಕಿ ಮಣಿಕಟ್ಟು ಪೂರ್ತಿ ವಾಸಿಯಾದ ಮೇಲೆ ಬಂದು, ಕಲಿತರೆ ನಿಮ್ಮ ಹತ್ತಿರವೇ ಎಂದು ಹಟ ಹಿಡಿದು ಕೂತಿದ್ದಾಳೆ. ಜೋಕ್ ಹೇಳುತ್ತಿದ್ದದ್ದು ನನ್ನ ತಪ್ಪು ಎಂದು ಕ್ಷಮೆ ಕೇಳಿದೆ. "ಜೋಕ್ ಚೆನ್ನಾಗಿತ್ತು, ಕೊನೆ ಕೇಳೋಕೆ ಆಗ್ಲಿಲ್ಲ ನೋಡಿ" ಅಂದಳು. ಮುಂದಿನ ತಿಂಗಳು ನೋಡೋಣ ಅಂದಿದ್ದೇನೆ.

ಬೇಗ ಬರೆ.

ಅಕ್ಕ

ಏಪ್ರಿಲ್ 11

ಅಕ್ಕಾ,

ತಡವಾಗಿದ್ದು ಕೆಲಸದಿಂದ. ಈ ಸಲ ನಿಜವಾಗಿಯೂ ಕೆಲಸದಿಂದ.

ಹೊಸಬರು ಸೇರಿದಾಗ ಮೊದಲ ತಿಂಗಳು ಅವರ ಜೊತೆ ಹಳಬರೊಬ್ಬರು ಕೂರುತ್ತಾರೆ. ಒಂದೇ ಕರೆಗೆ ಎರಡು ಹೆಡ್‌ಫೋನ್. ಹೊಸಬರು ತಡವರಿಸಿದರೆ ಹಳಬರು ಮಾತು ಕೈಗೆತ್ತಿಕೊಳ್ಳುತ್ತಾರೆ. ನನಗೆ ಅದು ಬೇಕು ಎಂದು ಕೇಳಿದೆ. ಸೂಪರ್‌ವೈಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಹನ್ನೊಂದು ವರ್ಷ ಸರ್ವಿಸ್ ಆದವರಿಗೆ ಟ್ರೈನಿಂಗ್ ಫಾರ್ಮ್ ಹೇಗಮ್ಮ ಕೊಡ್ಲಿ? ನೀವೇ ಅಲ್ವಾ ಅರ್ಧ ಹಾಲ್‌ಗೆ ಕಲಿಸಿದೋರು?" ಅಂದರು. "ಕಲಿಸಿದ್ದು ನೆನಪಿದೆ ಸಾರ್, ಕೂರೋದು ಮರೆತುಹೋಗಿದೆ" ಅಂದೆ. ಕೊಟ್ಟರು. ಎದೆಯ ಮೇಲೆ 'ತರಬೇತಿಯಲ್ಲಿ' ಎಂಬ ಕಿತ್ತಳೆ ಬಿಲ್ಲೆ ಬೇರೆ. ಅದನ್ನು ನೋಡಿ ನಿನ್ನೆ ಮೊನ್ನೆ ಸೇರಿದ ಹುಡುಗಿಯೊಬ್ಬಳು ನನಗೆ ನೀರಿನ ಫಿಲ್ಟರ್ ಎಲ್ಲಿದೆಯೆಂದು ತೋರಿಸಿಕೊಟ್ಟಳು.

ಜೊತೆಗೆ ಯಾರು ಬೇಕೆಂದು ಕೇಳಿದಾಗ ಪಕ್ಕದ ಸೀಟಿನವಳ ಕಡೆ ನೋಡಿದೆ. ಅವಳು ಆಗಲೇ ಕುರ್ಚಿ ಎಳೆದುಕೊಂಡು ಬರುತ್ತಿದ್ದಳು.

ಮೊದಲ ಕರೆ. ಸಾಲಿನವರೆಲ್ಲ ನೋಡದವರಂತೆ ನೋಡುತ್ತಿದ್ದಾರೆ. ಬಟನ್ ಒತ್ತಿದೆ. ಗ್ಯಾಸ್ ಸಿಲಿಂಡರ್ ಬುಕ್ ಮಾಡಬೇಕಂತೆ. ರಾಂಗ್ ನಂಬರ್. ಆ ಮನುಷ್ಯನಿಗೆ ನಾನು ಅಷ್ಟೊಂದು ಥ್ಯಾಂಕ್ಸ್ ಯಾಕೆ ಹೇಳಿದೆನೆಂದು ಅವನಿಗೆ ಇವತ್ತಿಗೂ ಅರ್ಥವಾಗಿರಲಾರದು. ಆಮೇಲೆ ಏಣಿಯಿಂದ ಬಿದ್ದವನು, ಮೂರ್ಛೆ ಹೋದ ಅಜ್ಜಿ, ಹೆರಿಗೆ. ಎರಡು ಸಲ ನಾಲಿಗೆ ನಿಂತುಹೋಯಿತು. ಎರಡು ಸಲವೂ ಪಕ್ಕದಿಂದ ಅವಳ ದನಿ ಮುಂದುವರಿಸಿತು. ಮೂರನೇ ವಾರದಲ್ಲಿ ಹಾಗಾಗಲಿಲ್ಲ. ಡಿಸೆಂಬರಿನ ಆ ಹೆಂಗಸನ್ನು ಮರೆತಿಲ್ಲ. ಮರೆಯುವ ಯೋಚನೆಯೂ ಇಲ್ಲ. ಅವಳು ಮನಸ್ಸಿನಲ್ಲಿರುವಾಗಲೇ ಕೆಲಸ ಮಾಡಲು ಬರುತ್ತದೆ ಎಂದು ಗೊತ್ತಾಗಿದೆ.

ಮೊನ್ನೆ ಶುಕ್ರವಾರ ಟೀ ಕುಡಿಯುವಾಗ ಪಕ್ಕದ ಸೀಟಿನವಳಿಗೆ ಎಲ್ಲ ಹೇಳಿದೆ. ಬೆನ್ನು ನೋವು ಸುಳ್ಳು ಎಂದೂ ಹೇಳಿದೆ. ಅವಳು ಲೋಟ ಕೆಳಗಿಟ್ಟು ಕೇಳಿದಳು.

"ಆರು ವರ್ಷದ ಹಿಂದೆ ನಾನು ದಿನಾ ಬಾತ್‌ರೂಮಿಗೆ ಓಡ್ತಿದ್ದೆ, ನೆನಪಿದೆಯಾ?"

ನೆನಪಿತ್ತು. ಹೊಟ್ಟೆ ಕೆಟ್ಟಿದೆ ಅನ್ನುತ್ತಿದ್ದಳು. ಅಯ್ಯೋ ಪಾಪ ಎಂದು ನಾನೇ ಅಜೀರ್ಣದ ಮಾತ್ರೆ ತಂದುಕೊಟ್ಟಿದ್ದೆ, ಎದುರು ನಿಂತು ನುಂಗಿಸಿಯೂ ಇದ್ದೆ.

"ಒಂದು ಮಗುವಿನ ಕರೆ ಕಣೇ. ಸರಿಯಾಗೇ ಮಾಡಿದ್ದೆ, ಉಳೀಲಿಲ್ಲ. ಬಾತ್‌ರೂಮಿಗೆ ಹೋಗಿ ಅಳ್ತಿದ್ದೆ. ಈಗ್ಲೂ ಮಗುವಿನ ಕರೆ ಅಂದ್ರೆ ಹೆದರಿಕೆ."

"ಮತ್ತೆ ಆ ಮಾತ್ರೆ?"

"ಒಂದು ತಿಂಗಳು ನುಂಗಿದೆ. ನೀನು ಅಷ್ಟು ಪ್ರೀತಿಯಿಂದ ತರ್ತಿದ್ದೆ, ಬೇಡ ಅನ್ನೋಕೆ ಆಗ್ಲಿಲ್ಲ."

ನಮ್ಮ ಸೀಟುಗಳ ನಡುವೆ ಎರಡು ಅಡಿ ಜಾಗವಿದೆ, ಅಕ್ಕಾ. ಊರಿನ ಯಾವ ಮೂಲೆಯಲ್ಲಿ ಯಾರ ಉಸಿರು ಏರುಪೇರಾದರೂ ನಾನು ಫೋನಿನಲ್ಲೇ ಹಿಡಿಯುತ್ತೇನೆ ಎಂದು ಬೀಗುತ್ತಿದ್ದವಳು ನಾನು. ನನಗೆ ನಗುವೂ ಬಂತು, ಅವಳ ಮುಂದೆಯೇ ಜೋರಾಗಿ ಅಳುವೂ ಬಂತು. ಅವಳೂ ಅತ್ತಳು. ಫಿಲ್ಟರ್ ತೋರಿಸಿದ ಹುಡುಗಿ ಬಂದು ನೋಡಿ, ಎರಡು ಲೋಟ ನೀರಿಟ್ಟು ಹೋದಳು.

ಇವತ್ತು ನನ್ನ ತಿಂಗಳು ಮುಗಿಯಿತು. ಕಿತ್ತಳೆ ಬಿಲ್ಲೆಯನ್ನು ಬಿಚ್ಚಿ ಸೂಪರ್‌ವೈಸರ್ ಮೇಜಿನ ಮೇಲಿಟ್ಟೆ. ಸೋಮವಾರದಿಂದ ಸೀಟು ನನ್ನದೇ, ಕಾಯಂ. ತಿರುಗಿ ಬರುವಾಗ ಪಕ್ಕದ ಸೀಟಿನವಳು ನನ್ನ ಹಿಂದೆಯೇ ನಿಂತಿದ್ದಳು. ಆ ಬಿಲ್ಲೆ ಎತ್ತಿಕೊಂಡು, ಎಂದಿನಂತೆ ಏನೂ ಆಗಿಲ್ಲವೆನ್ನುವ ದನಿಯಲ್ಲೇ, "ಒಂದು ಹದಿನೈದು ದಿನ ನನ್ನ ಪಕ್ಕ ಕೂರ್ತೀಯಾ? ಅವಸರ ಏನಿಲ್ಲ, ನಿನಗೆ ಬಿಡುವಾದಾಗ" ಅಂದಳು.

ಸೋಮವಾರವೇ ಅಂದೆ.

ತಂಗಿ